ಯೆಹೂದ್ಯರ ಪರ್ಣಶಾಲೆಗಳ ಹಬ್ಬ : ಅದರ ಸಂಕೇತಾರ್ಥ

ಯೆಹೂದ್ಯರ ವರ್ಷಚಕ್ರದಲ್ಲಿ ಯಾತ್ರಾಪರ್ವಗಳೆನಿಸಿಕೊಂಡವು ಮೂರು: ವಸಂತದಲ್ಲಿ ಬರುವ ಪಸ್ಕ, ಅದಕ್ಕೆ ಏಳು ವಾರಗಳ ತರುವಾಯ ಬರುವ ವಾರಗಳ ಹಬ್ಬ, ಶರತ್ಕಾಲದ ಸುಕ್ಕೋತ್. ಕಡೆಯದಾದ ಸುಕ್ಕೋತ್ ತಿಶ್ರಿ ಮಾಸದ 15ನೆಯ ದಿನ, ಎಂದರೆ ಹುಣ್ಣಿಮೆಯಂದು, ತೊಡಗಿ ಏಳು ದಿನ ನಡೆಯುವುದು. ಎಂಟನೆಯ ದಿನ ಬೇರೆಯೇ ಒಂದು ಸಭಾಪರ್ವವುಂಟು. ಇಬ್ರಿಯ ಭಾಷೆಯಲ್ಲಿ ‘ಸುಕ್ಕಾ’ ಎಂದರೆ ಗುಡಿಸಲು. ‘ಸುಕ್ಕೋತ್’ ಎಂಬುದು ಅದರ ಬಹುವಚನ. ಕನ್ನಡ ಬೈಬಲಿನಲ್ಲಿ ಇದಕ್ಕೆ ಪರ್ಣಶಾಲೆಗಳ ಹಬ್ಬವೆಂಬ ಹೆಸರು ರೂಢವಾಗಿದೆ.

ಈ ಹಬ್ಬಕ್ಕೆ ಮೂಲಗ್ರಂಥಗಳಲ್ಲಿಯೇ ಎರಡು ಬಗೆಯ ನಿಮಿತ್ತಗಳು ಕಾಣುವುವು. ವಿಮೋಚನಕಾಂಡವು ಇದನ್ನು ‘ಆಸೀಫ್’, ಎಂದರೆ ಫಲಸಂಗ್ರಹದ ಹಬ್ಬ, ಎಂದು ಕರೆಯುವುದು. ಕಣದ ಧಾನ್ಯವೂ ಆಲೆಯ ದ್ರಾಕ್ಷಾರಸವೂ ಮನೆ ಸೇರಿದ ಮೇಲೆ ಮಕ್ಕಳು, ದಾಸರು, ಪರದೇಶಿಗಳು, ಅನಾಥರು, ವಿಧವೆಯರು ಇವರೊಡನೆ ಕೂಡಿ ಸಂತೋಷಪಡಬೇಕೆಂದು ಧರ್ಮೋಪದೇಶಕಾಂಡವು ವಿಧಿಸುವುದು. ಯಾಜಕಕಾಂಡದ 23ನೆಯ ಅಧ್ಯಾಯವಾದರೋ, ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಬಂದಾಗ ಗುಡಿಸಲುಗಳಲ್ಲಿ ವಾಸಿಸಿದುದನ್ನು ಮುಂದಿನ ಪೀಳಿಗೆಗಳು ಅರಿಯಲೆಂದು ಏಳು ದಿನ ಗುಡಿಸಲಿನಲ್ಲಿ ವಾಸಿಸಬೇಕೆನ್ನುವುದು. ಒಂದು ಸುಗ್ಗಿಯ ಸಂತೋಷ. ಇನ್ನೊಂದು ಅರಣ್ಯವಾಸದ ಸ್ಮರಣೆ.

ಇಲ್ಲಿ ಎರಡು ಸಂಶಯಗಳು ಏಳುವುವು. ಕಣಜ ತುಂಬಿದ ದಿನವೇ ಗೃಹಸ್ಥನು ಭದ್ರವಾದ ಮನೆಯನ್ನು ಬಿಟ್ಟು ಎಲೆಯ ಮಾಡಿನ ಕೆಳಗೆ ಕುಳಿತುಕೊಳ್ಳುವುದೇಕೆ? ಐಗುಪ್ತದಿಂದ ಹೊರಟದ್ದು ವಸಂತದಲ್ಲಿಯಷ್ಟೆ; ಅದರ ಸ್ಮರಣೆ ಶರತ್ತಿನಲ್ಲಿ ನಡೆಯುವುದೇಕೆ?

ಸುಗ್ಗಿಯ ಕಾಲದಲ್ಲಿ ಒಕ್ಕಲಿಗರು ತೋಟಗಳಲ್ಲಿ ಹಾಕಿಕೊಳ್ಳುತ್ತಿದ್ದ ಕಾವಲಿನ ಗುಡಿಸಲೇ ಈ ಆಚಾರದ ಮೂಲವೆಂದೂ, ಇತಿಹಾಸದ ಅರ್ಥವು ಆ ಬಳಿಕ ಸೇರಿತೆಂದೂ ಆಧುನಿಕ ವಿದ್ವಾಂಸರಲ್ಲಿ ಅನೇಕರ ಮತ. ಯೆಶಾಯನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ದ್ರಾಕ್ಷಿಯ ತೋಟದ ಗುಡಿಸಲಿನ ಉಪಮಾನವು ಬಂದಿರುವುದು ಈ ಮತಕ್ಕೆ ಪೋಷಕವಾಗಿದೆ. ಆದರೆ ಮೂಲವನ್ನು ತೋರಿಸಿದ ಮಾತ್ರಕ್ಕೆ ಅರ್ಥವನ್ನು ಹೇಳಿದಂತಾಗದು. ಯೆಹೂದ್ಯ ವ್ಯಾಖ್ಯಾನಕಾರರು ಅರ್ಥವನ್ನೇ ಅರಸಿದರು. 12ನೆಯ ಶತಮಾನದ ರಬ್ಬಿ ಸಮುವೇಲ್ ಬೆನ್ ಮೇಯೀರನ ಅಭಿಪ್ರಾಯವು ಇದು: ಮನೆಯು ಸಕಲ ಸಮೃದ್ಧಿಯಿಂದ ತುಂಬಿರುವಾಗಲೇ ಮನುಷ್ಯನಿಗೆ ‘ಇದೆಲ್ಲವೂ ನನ್ನ ಬಾಹುಬಲದಿಂದ ಬಂದಿತು’ ಎಂಬ ಅಹಂಕಾರವು ಹುಟ್ಟುವುದು, ಹೊಲವೂ ಮನೆಯೂ ಇಲ್ಲದೆ ಪೂರ್ವಿಕರು ಅಲೆದ ದಿನಗಳನ್ನು ಆಗಲೇ ನೆನೆಯಬೇಕು. ಎರಡನೆಯ ಸಂಶಯಕ್ಕೆ 14ನೆಯ ಶತಮಾನದ ರಬ್ಬಿ ಯಾಕೋಬ್ ಬೆನ್ ಆಶೇರನು ಉತ್ತರವಿತ್ತಿರುವನು. ಬಿಸಿಲೇರುವ ಕಾಲದಲ್ಲಿ ನೆರಳಿಗಾಗಿ ಗುಡಿಸಲು ಹಾಕುವುದು ಲೋಕರೂಢಿ. ಮಳೆಯು ಸಮೀಪಿಸಿ ಎಲ್ಲರೂ ಮನೆಯೊಳಕ್ಕೆ ಹೋಗುವ ಕಾಲದಲ್ಲಿ ಹೊರಕ್ಕೆ ಬರುವವನು ಸುಖಕ್ಕಾಗಿ ಬರುವುದಿಲ್ಲ, ವಿಧಿಗಾಗಿ ಬರುವನೆಂಬುದು ಸ್ಪಷ್ಟವಾಗುವುದು.

ಗುಡಿಸಲಿನ ಲಕ್ಷಣವನ್ನು ಕ್ರಿ. ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಗ್ರಂಥವು ನಿರೂಪಿಸಿದೆ. ಅದು 20 ಮೊಳಕ್ಕಿಂತ ಎತ್ತರವಾಗಿರಕೂಡದು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಾಗಿರಬೇಕು. ಮಾಡು ನೆಲದಲ್ಲಿ ಬೆಳೆದ ವಸ್ತುವಿನದೇ ಆಗಿರಬೇಕು. ಆದರೆ ಬೇರಿನಿಂದ ಕಡಿದದ್ದಾಗಿರಬೇಕು. ಬಳ್ಳಿಯನ್ನು ಜೀವಂತವಾಗಿಯೇ ಮೇಲೆ ಹಬ್ಬಿಸಿದರೆ ಸಲ್ಲದು. ಮರದ ಕೆಳಗೆ ಕಟ್ಟಿದರೂ ಸಲ್ಲದು. ಎಲೆಗಳ ಸಂದಿನಿಂದ ನಕ್ಷತ್ರಗಳು ಕಾಣುವಂತಿರುವುದು ಉತ್ತಮವೆಂಬ ಸಂಪ್ರದಾಯವುಂಟು. ಸ್ಥಿರವಾದ ವಸತಿಯನ್ನು ಬಿಟ್ಟು ಅಸ್ಥಿರವಾದ ವಸತಿಯಲ್ಲಿರು ಎಂಬುದೇ ಈ ವಿಧಿಯ ತಾತ್ಪರ್ಯವೆಂದು ತಾಲ್ಮುದಿನಲ್ಲಿ ರಾವಾ ಎಂಬ ಆಚಾರ್ಯನು ವಿವರಿಸಿರುವನು. ಗುಡಿಸಲು ತೀರ ಎತ್ತರವಾಗಿ ಭದ್ರವಾದರೆ ಅದು ಮನೆಯೇ ಆಯಿತು. ತೀರ ತೆರೆದಿದ್ದರೆ ಬಯಲೇ ಆಯಿತು. ಆಶ್ರಯವೆನ್ನಿಸಬೇಕು, ಆದರೆ ಶಾಶ್ವತವೆನ್ನಿಸಬಾರದು.

ಅರಣ್ಯದಲ್ಲಿ ಪೂರ್ವಿಕರು ವಾಸಿಸಿದ ಗುಡಿಸಲುಗಳು ಯಾವುವೆಂಬ ವಿಷಯದಲ್ಲಿಯೂ ತಾಲ್ಮುದಿನಲ್ಲಿ ಭಿನ್ನಾಭಿಪ್ರಾಯವಿದೆ. ಅವು ದೇವರ ಮಹಿಮೆಯ ಮೇಘಗಳೆಂದು ರಬ್ಬಿ ಎಲಿಯೇಜರನೂ, ನಿಜವಾದ ಗುಡಿಸಲುಗಳೇ ಎಂದು ರಬ್ಬಿ ಅಕೀವನೂ ಹೇಳಿರುವರು. ಮೊದಲನೆಯ ಪಕ್ಷದಲ್ಲಿ ಹಬ್ಬವು ದೈವರಕ್ಷೆಯ ಕುರುಹು; ಎರಡನೆಯ ಪಕ್ಷದಲ್ಲಿ ಮಾನವನ ದೌರ್ಬಲ್ಯದ ಕುರುಹು. ಇವೆರಡಕ್ಕೂ ವಿರೋಧವಿಲ್ಲ. ಗೋಡೆಯ ಬಲವನ್ನು ನಂಬುವವನಿಗೆ ರಕ್ಷೆಯ ಅರಿವು ಉಂಟಾಗಲಾರದಾದ ಕಾರಣ, ದೌರ್ಬಲ್ಯದ ಅರಿವೇ ರಕ್ಷೆಯ ಅರಿವಿಗೆ ದ್ವಾರವಾಗುವುದು.

ಹಬ್ಬದ ಎರಡನೆಯ ಅಂಗವು ಚತುರ್ವಿಧ ಸಸ್ಯಗಳ ಧಾರಣೆ. ಖರ್ಜೂರದ ಬಿಚ್ಚದ ಸುಳಿ (ಲುಲಾವ್), ಪರಿಮಳವುಳ್ಳ ಎಲೆಗಳ ಹದಸ್ಸಿನ ಕಡ್ಡಿಗಳು, ಹೊಳೆಯಂಚಿನಲ್ಲಿ ಬೆಳೆಯುವ ಅರವಾದ ಕೊಂಬೆಗಳು ಇವನ್ನು ಒಂದಾಗಿ ಕಟ್ಟಿ, ಎತ್ರೋಗ್ ಎಂಬ ಹಣ್ಣಿನೊಡನೆ ಹಿಡಿದು ನಾಲ್ಕು ದಿಕ್ಕುಗಳಿಗೂ ಮೇಲಕ್ಕೂ ಕೆಳಕ್ಕೂ ಆಡಿಸುವರು. ಈ ಎತ್ರೋಗ್ ಕನ್ನಡಿಗರಿಗೆ ಅಪರಿಚಿತವಲ್ಲ. ಸಂಸ್ಕೃತದ ಮಾತುಲುಂಗವೂ ಕನ್ನಡದ ಮಾದಲವೂ ಆ ಜಾತಿಯ ಫಲವೇ. ಹಿಮಾಲಯದ ಪೂರ್ವಪ್ರಾಂತದ ಕಡೆಯಿಂದ ಈ ಗಿಡವು ಪಾರಸಿಕ ದೇಶದ ಮೂಲಕ ಪಶ್ಚಿಮಕ್ಕೆ ಹೋಯಿತು. ಯೆರೂಸಲೇಮಿನ ಬಳಿಯ ರಾಮತ್ ರಾಹೇಲಿನ ಪುರಾತನ ಉದ್ಯಾನದಲ್ಲಿ, ಪಾರಸಿಕರ ಆಳಿಕೆಯ ಕಾಲದ ಗಾರೆಯಲ್ಲಿ, ಇದರ ಪರಾಗವು ದೊರೆತಿದೆ.

ಈ ನಾಲ್ಕರ ಅರ್ಥವನ್ನು ಯಾಜಕಕಾಂಡದ ಮೇಲಣ ಮಿದ್ರಾಷ್ ಹೀಗೆ ಬಿಡಿಸುವುದು. ಎತ್ರೋಗಿಗೆ ರುಚಿಯೂ ಗಂಧವೂ ಉಂಟು. ಖರ್ಜೂರಕ್ಕೆ ರುಚಿಯುಂಟು, ಗಂಧವಿಲ್ಲ. ಹದಸ್ಸಿಗೆ ಗಂಧವುಂಟು, ರುಚಿಯಿಲ್ಲ. ಅರವಾಕ್ಕೆ ಎರಡೂ ಇಲ್ಲ. ರುಚಿಯೆಂದರೆ ಶಾಸ್ತ್ರಜ್ಞಾನ, ಗಂಧವೆಂದರೆ ಸತ್ಕರ್ಮ. ಜನಾಂಗದಲ್ಲಿ ನಾಲ್ಕು ಬಗೆಯವರೂ ಇರುವರು. ಅವರನ್ನು ಒಂದೇ ಕಟ್ಟಿನಲ್ಲಿ ಕಟ್ಟಿದರೆ ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವರು. ಅರವಾ ಒಂದು ಇಲ್ಲದಿದ್ದರೂ ವಿಧಿಯು ಪೂರ್ಣವಾಗದೆಂಬುದು ಇಲ್ಲಿ ಗಮನಾರ್ಹ. ಮೈಮೊನಿದೀಸನು ಇಂತಹ ಅರ್ಥಗಳನ್ನು ಕವಿಕಲ್ಪನೆಗಳೆಂದು ಎಣಿಸಿ, ಬಿತ್ತನೆಗೆ ಬಾರದ ಮರುಭೂಮಿಯಿಂದ ಫಲವೃಕ್ಷಗಳೂ ನದಿಗಳೂ ಇರುವ ನಾಡಿಗೆ ಬಂದ ಸಂತೋಷವೇ ಈ ಸಸ್ಯಗಳ ಅರ್ಥವೆಂದನು.

ಆದರೆ ಈ ಸಂತೋಷದ ಒಳಗೆ ಒಂದು ಆತಂಕವೂ ಅಡಗಿರುವುದು. ಆ ನಾಡಿನಲ್ಲಿ ಬೇಸಿಗೆಯೆಲ್ಲ ಮಳೆಯಿಲ್ಲ. ಸುಗ್ಗಿಯು ಮುಗಿದಾಗ ಮುಂದಿನ ವರ್ಷದ ಬೆಳೆಯು ಇನ್ನೂ ಬಾರದ ಮಳೆಯನ್ನೇ ನಂಬಿರುವುದು. ಆದುದರಿಂದ ದೇವಾಲಯವಿದ್ದ ಕಾಲದಲ್ಲಿ ಸಿಲೋವದ ಕೊಳದಿಂದ ನೀರನ್ನು ತಂದು ಯಜ್ಞವೇದಿಯ ಮೇಲೆ ಎರೆಯುತ್ತಿದ್ದರು. ಇಂದಿಗೂ ಎಂಟನೆಯ ದಿನ ಮಳೆಗಾಗಿ ಪ್ರಾರ್ಥನೆಯು ನಡೆಯುವುದು. ಹಬ್ಬದ ಏಳು ದಿನಗಳಲ್ಲಿ 13ರಿಂದ 7ರವರೆಗೆ ಇಳಿಯುವ ಕ್ರಮದಲ್ಲಿ ಅರ್ಪಿಸುತ್ತಿದ್ದ ಹೋರಿಗಳು ಒಟ್ಟು 70. ಇವು ಲೋಕದ 70 ಜನಾಂಗಗಳ ಪರವಾದುವೆಂದು ತಾಲ್ಮುದ್ ಹೇಳುವುದು. ಜೆಕರ್ಯನ ಗ್ರಂಥವೂ ಸಕಲ ಜನಾಂಗಗಳು ಈ ಹಬ್ಬಕ್ಕೆ ಬರುವ ಕಾಲವನ್ನು ವರ್ಣಿಸುವುದು.

ಕ್ರಿ. ಶ. 70ರಲ್ಲಿ ದೇವಾಲಯವು ನಾಶವಾಯಿತು. ಬಲಿಯೂ ಜಲಾರ್ಪಣೆಯೂ ನಿಂತುವು. ಆದರೂ ಹಬ್ಬವು ನಿಲ್ಲಲಿಲ್ಲ. 132ರಿಂದ 135ರವರೆಗೆ ರೋಮನರೊಡನೆ ಹೋರಾಡಿದ ಬರ್ ಕೊಖ್ಬನ ನಾಣ್ಯಗಳಲ್ಲಿ ಲುಲಾವ್ ಎತ್ರೋಗ್‌ಗಳ ಚಿತ್ರವುಂಟು. ಮೃತಸಮುದ್ರದ ಬಳಿಯ ಗುಹೆಯಲ್ಲಿ 1960-61ರ ಶೋಧನೆಗಳಲ್ಲಿ ದೊರೆತ ಅವನ ಪತ್ರಗಳಲ್ಲೊಂದು ಇದೇ ನಾಲ್ಕು ಸಸ್ಯಗಳನ್ನು ಪಾಳೆಯಕ್ಕೆ ಒದಗಿಸಬೇಕೆಂಬ ಆಜ್ಞೆಯಾಗಿರುವುದು. ಕಲ್ಲಿನ ದೇವಾಲಯವು ಬಿದ್ದ ಬಳಿಕ ಎಲೆಯ ಗುಡಿಸಲು ಉಳಿಯಿತು. ಅದನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಬಿದ್ದರೆ ಮರುವರ್ಷ ಪುನಃ ಕಟ್ಟಬಹುದು. ದೇಶಾಂತರಗಳಲ್ಲಿ ಚದರಿ ಹೋದ ಜನಕ್ಕೆ ಅದೇ ತಮ್ಮ ಬಾಳಿನ ಪ್ರತಿಮೆಯಾಯಿತು.

ಮಧ್ಯ ಮತ್ತು ಪೂರ್ವ ಯೂರೋಪಿನ ಸಂಪ್ರದಾಯದವರು ಈ ಹಬ್ಬದ ಶನಿವಾರದಂದು ಲೋಕದ ಅನಿತ್ಯತೆಯನ್ನು ಸಾರುವ ಪ್ರಸಂಗಿಯ ಗ್ರಂಥವನ್ನು ಓದುವರು. ಹರ್ಷದ ಹಬ್ಬಕ್ಕೆ ವೈರಾಗ್ಯದ ಪಾಠವು ಅಸಂಗತವೆಂದು ಮೊದಲು ತೋರಬಹುದು. ಆದರೆ ಸಂಪತ್ತು ನಿಲ್ಲತಕ್ಕುದಲ್ಲವೆಂದು ತಿಳಿದವನೇ ಅದನ್ನು ಪರದೇಶಿಯೊಡನೆಯೂ ಅನಾಥನೊಡನೆಯೂ ಹಂಚಿಕೊಂಡು ಉಣ್ಣಬಲ್ಲನು. ತುಂಬಿದ ಕಣಜಕ್ಕೂ ತೆರೆದ ಮಾಡಿಗೂ ಇರುವ ಸಂಬಂಧವು ಇದೇ.