ಕೀಟಾಹಾರಿ ಸಸ್ಯಗಳ ಚಳಿಗಾಲದ ಸುಪ್ತಾವಸ್ಥೆ: ಕಲಬುರಗಿ ನಗರ ಹಾಗೂ ಕಮಲಾಪುರದ ಹವ್ಯಾಸಿಗಳಿಗೆ ಮಾಹಿತಿ

ಕಲಬುರಗಿ ನಗರ ಹಾಗೂ ಕಮಲಾಪುರದಲ್ಲಿ ವೀನಸ್ ಫ್ಲೈಟ್ರ್ಯಾಪ್ ಮುಂತಾದ ಕೀಟಾಹಾರಿ ಸಸ್ಯಗಳನ್ನು ಕುಂಡಗಳಲ್ಲಿ ಬೆಳೆಸುವ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಡಿಸೆಂಬರ್ ವೇಳೆಗೆ ಫ್ಲೈಟ್ರ್ಯಾಪ್ ಗಿಡದ ಬೋನುಗಳು ಒಂದೊಂದಾಗಿ ಕಪ್ಪಾಗುತ್ತವೆ. ಹೊಸ ಎಲೆಗಳು ಗಿಡ್ಡವಾಗಿ ನೆಲಕ್ಕೆ ಅಂಟಿಕೊಂಡಂತೆ ಬರುತ್ತವೆ. ಇದನ್ನು ಕಂಡು ಗಿಡ ಸತ್ತಿತೆಂದು ಎಸೆಯುವವರಿದ್ದಾರೆ. ಚೇತರಿಸಲೆಂದು ಗೊಬ್ಬರ ಹಾಕಿ ನಿಜವಾಗಿಯೂ ಸಾಯಿಸುವವರೂ ಇದ್ದಾರೆ. ವಾಸ್ತವವಾಗಿ ಈ ಸಸ್ಯದ ಮೂಲಧನವಿರುವುದು ಎಲೆಗಳಲ್ಲಲ್ಲ, ಮಣ್ಣಿನೊಳಗಿನ ಕಂದದಲ್ಲಿ. ಕಂದವು ಬಿಳಿಯಾಗಿ ಗಟ್ಟಿಯಾಗಿದ್ದಲ್ಲಿ ಗಿಡ ಜೀವಂತವಾಗಿದೆ. ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದಲ್ಲಿ ಮಾತ್ರ ಕೊಳೆತಿದೆ ಎಂದು ತಿಳಿಯತಕ್ಕದ್ದು.

ಫ್ಲೈಟ್ರ್ಯಾಪ್ ಮೂಲತಃ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಜೌಗು ಪ್ರದೇಶದ ಸಸ್ಯ. ಅಲ್ಲಿ ಚಳಿಗಾಲದ ಅತಿ ಕಡಿಮೆ ಹಗಲು ಸುಮಾರು 10 ಗಂಟೆಯಷ್ಟಿದ್ದು, ರಾತ್ರಿ ಹಿಮ ಬೀಳುವುದೂ ಉಂಟು. ಹಗಲು ಕುಗ್ಗುವುದು ಮತ್ತು ತಂಪು, ಈ ಎರಡೂ ಸೇರಿ ಗಿಡವನ್ನು ಮೂರು ತಿಂಗಳ ವಿಶ್ರಾಂತಿಗೆ ಕಳುಹಿಸುತ್ತವೆ. ಕಲಬುರಗಿಯಲ್ಲಿ ಡಿಸೆಂಬರ್‌ನ ಹಗಲು ಸುಮಾರು 11 ಗಂಟೆ ಇರುತ್ತದೆ. ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೂ ಮಧ್ಯಾಹ್ನ ಮತ್ತೆ 30ರ ಸಮೀಪಕ್ಕೆ ಏರುತ್ತದೆ. ಹೀಗಾಗಿ ನಮ್ಮಲ್ಲಿ ಗಿಡಕ್ಕೆ ಪೂರ್ಣ ನಿದ್ರೆಯೂ ಇಲ್ಲ, ಪೂರ್ಣ ಎಚ್ಚರವೂ ಇಲ್ಲ. ವಿಶ್ರಾಂತಿ ಸಿಗದ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಆದುದರಿಂದ ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಕುಂಡವನ್ನು ಕೋಣೆಯೊಳಗೆ ಬೆಚ್ಚಗಿಡದೆ, ಬೆಳಗಿನ ಬಿಸಿಲು ಮಾತ್ರ ಬೀಳುವ ಮಾಳಿಗೆಯ ಪೂರ್ವ ಮಗ್ಗುಲಲ್ಲಿ ಇಡುವುದು ಸೂಕ್ತ. ಇತರ ಕಾಲದಲ್ಲಿ ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಿಸುವ ಪದ್ಧತಿಯನ್ನು ಈ ಅವಧಿಯಲ್ಲಿ ಕೈಬಿಟ್ಟು, ಮಣ್ಣು ಒದ್ದೆಯಾಗಿರುವಷ್ಟು ಮಾತ್ರ ನೀರುಣಿಸಬೇಕು. ಕೀಟಗಳನ್ನು ತಿನ್ನಿಸಬಾರದು. ಕಪ್ಪಾದ ಬೋನುಗಳನ್ನು ಬೂಜು ಹಿಡಿಯುವ ಮೊದಲೇ ಕತ್ತರಿಸಿ ತೆಗೆಯಬೇಕು.

ಬಲವಾದ ಗಿಡವಿದ್ದಲ್ಲಿ ರೆಫ್ರಿಜರೇಟರ್ ವಿಧಾನವೇ ಹೆಚ್ಚು ಖಚಿತ. ಗಿಡವನ್ನು ಕುಂಡದಿಂದ ತೆಗೆದು, ಬೇರು ತೊಳೆದು, ಹಿಂಡಿದ ಒದ್ದೆ ಪಾಚಿಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತರಕಾರಿ ಇಡುವ ಭಾಗದಲ್ಲಿ 10ರಿಂದ 12 ವಾರ ಇಡಬಹುದು. ಹದಿನೈದು ದಿನಕ್ಕೊಮ್ಮೆ ತೆರೆದು ಬೂಜು ಬಂದಿದೆಯೇ ಎಂದು ಪರೀಕ್ಷಿಸಬೇಕು. ಮನೆಯವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ಬಾಡಿದ ಸೊಪ್ಪೆಂದು ಹೊರಗೆ ಎಸೆಯುವ ಸಂಭವವಿದೆ.

ಹೂಜಿ ಗಿಡಗಳ ವಿಷಯದಲ್ಲಿ ಗೊಂದಲ ಬೇಡ. ಅಮೆರಿಕದ ಸರಸೀನಿಯಾಕ್ಕೆ ಮೇಲಿನ ವಿಶ್ರಾಂತಿ ಅಗತ್ಯ. ಉಷ್ಣವಲಯದ ನೆಪೆಂಥಿಸ್‌ಗೆ ಸುಪ್ತಾವಸ್ಥೆಯೇ ಇಲ್ಲ. ಚಳಿಗಾಲದಲ್ಲಿ ಅದರ ಹೂಜಿಗಳು ಒಣಗಿದರೆ ಅದಕ್ಕೆ ನಮ್ಮ ಶುಷ್ಕ ಗಾಳಿಯೇ ಸಾಮಾನ್ಯ ಕಾರಣ. ನಮ್ಮ ಮಲೆನಾಡು ಮತ್ತು ಕರಾವಳಿಯ ಡ್ರಾಸೆರಾ ಇಂಡಿಕಾ ಮಳೆಗಾಲದ ತೇವದಲ್ಲಿ ಬೆಳೆದು, ನೆಲ ಒಣಗಿದಾಗ ಬೀಜ ಬಿಟ್ಟು ಸಾಯುವ ವಾರ್ಷಿಕ ಸಸ್ಯ. ಅದರ ಬೀಜವನ್ನು ಕಾಪಾಡಬೇಕೇ ಹೊರತು ಗಿಡವನ್ನಲ್ಲ.

ಇಷ್ಟೆಲ್ಲ ಮಾಡಿಯೂ ಕೊಳವೆಬಾವಿಯ ನೀರು ಹಾಕಿದಲ್ಲಿ ಶ್ರಮ ವ್ಯರ್ಥ. ಪಾತ್ರೆಗಳ ತಳದಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರಿನ ಲವಣಗಳು ಬೇರನ್ನು ಸುಡುತ್ತವೆ. ಮಳೆನೀರು, ಬಟ್ಟಿ ಇಳಿಸಿದ ನೀರು, ಇಲ್ಲವೇ ಖನಿಜ ಸೇರಿಸದ ಆರ್.ಒ. ನೀರನ್ನೇ ಬಳಸಬೇಕು. ಮಣ್ಣಿಗೂ ಇದೇ ನಿಯಮ. ತೊಗರಿ ಬೆಳೆಯುವ ಎರೆಮಣ್ಣಾಗಲಿ, ಕಮಲಾಪುರದ ಕೆಂಪು ಬಾಳೆ ತೋಟದ ಮಣ್ಣಾಗಲಿ ಎಷ್ಟು ಫಲವತ್ತೋ ಅಷ್ಟೂ ಈ ಗಿಡಕ್ಕೆ ಹಾನಿಕರ. ಸಾರವಿಲ್ಲದ ಪೀಟ್ ಮತ್ತು ಪರ್ಲೈಟ್ ಮಿಶ್ರಣವೇ ಇದಕ್ಕೆ ಯೋಗ್ಯ.

ಫೆಬ್ರವರಿ ಕೊನೆಯಲ್ಲಿ ಹೊಸ ಚಿಗುರು ಕಂಡೊಡನೆ ತಟ್ಟೆಯ ನೀರನ್ನು ಪುನಃ ಆರಂಭಿಸಿ, ಬಿಸಿಲನ್ನು ಕ್ರಮೇಣ ಹೆಚ್ಚಿಸಬೇಕು. ಮಾರ್ಚ್ ಕೊನೆಯಿಂದ ಮಧ್ಯಾಹ್ನದ ಬಿಸಿಲಿಗೆ ನೆರಳುಪರದೆ ಕಡ್ಡಾಯ. ಗಿಡಗಳನ್ನು ನರ್ಸರಿಯಲ್ಲಿ ಬೆಳೆಸಿದವುಗಳೆಂದು ಖಚಿತಪಡಿಸಿಕೊಂಡು ಖರೀದಿಸತಕ್ಕದ್ದು. ಮೇಘಾಲಯದ ಹೂಜಿ ಗಿಡವಾದ ನೆಪೆಂಥಿಸ್ ಖಾಸಿಯಾನಾ, ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅಡಿಯಲ್ಲಿ ಸಂರಕ್ಷಿತ ಸಸ್ಯವಾಗಿದ್ದು, ಅದನ್ನು ಕಾಡಿನಿಂದ ಕೀಳುವುದನ್ನು ನಿಷೇಧಿಸಲಾಗಿದೆ.