ಪಾಸ್‌ವರ್ಡ್ ತೆಗೆದ ಎರಡನೇ ಪ್ರತಿ

ಸಹಕಾರ ಸಂಘದ ವಾರ್ಷಿಕ ಮಹಾಸಭೆಗೆ ನೋಟಿಸು ಹೋಗಬೇಕು. ಸದಸ್ಯರ ಹೆಸರು, ವಿಳಾಸ ಎಲ್ಲ ಎಕ್ಸೆಲ್ ಹಾಳೆಯಲ್ಲಿವೆ. ಅದೇ ಹಾಳೆಯಲ್ಲಿ ಫೋನ್ ನಂಬರು, ಆಧಾರ್ ಸಂಖ್ಯೆ, ಬಾಕಿ ಸಾಲವೂ ಇವೆ. ಕಾರ್ಯದರ್ಶಿಗಳು ಜಾಗರೂಕರು, ಕಡತಕ್ಕೆ ಪಾಸ್‌ವರ್ಡ್ ಹಾಕಿಟ್ಟಿದ್ದಾರೆ. ಆದರೆ ಪ್ರತಿ ನೋಟಿಸಿಗೂ ಒಬ್ಬೊಬ್ಬರ ಹೆಸರು, ವಿಳಾಸವನ್ನು ತಾನಾಗಿ ತುಂಬುವ ಮೇಲ್ ಮರ್ಜ್‌ಗೆಂದು ವರ್ಡ್‌ನಲ್ಲಿ ಆ ಕಡತವನ್ನು ತೋರಿಸಿದರೆ ಅದು ಪಾಸ್‌ವರ್ಡ್ ಕೇಳುವುದೇ ಇಲ್ಲ, ಕಡತ ಓದಲಾಗಲಿಲ್ಲ ಎಂದು ನಿಂತುಬಿಡುತ್ತದೆ. ಅಂಚೆಗೆ ಹಾಕಲು ನಾಳೆಯೇ ಕಡೇ ದಿನ. ಯಾರೋ ಒಬ್ಬರು ಪಾಸ್‌ವರ್ಡ್ ತೆಗೆದು, ಬೇರೆ ಹೆಸರಿನಲ್ಲಿ ಇನ್ನೊಂದು ಪ್ರತಿ ಉಳಿಸುತ್ತಾರೆ. ಈ ಸಲ ಮರ್ಜ್ ಸಲೀಸಾಗಿ ಆಗುತ್ತದೆ. ನೋಟಿಸುಗಳು ಹೊರಡುತ್ತವೆ, ಆ ಪ್ರತಿ ಮಾತ್ರ ಡೆಸ್ಕ್‌ಟಾಪ್‌ನಲ್ಲೇ ಉಳಿಯುತ್ತದೆ.

ಈ ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಆ ಎರಡನೇ ಪ್ರತಿ. ಅದು ಯಾಕೆ ಹುಟ್ಟುತ್ತದೆ ಎಂದು ತಿಳಿಯಬೇಕಾದರೆ ಕಡತದ ಹೊಟ್ಟೆಯೊಳಗೆ ಇಣುಕಬೇಕು.

ಮಾಮೂಲಿ ಎಕ್ಸೆಲ್ ಕಡತ ನಿಜಕ್ಕೂ ಒಂದು ಜಿಪ್ ಕಡತ. ಅದರ ಮೊದಲ ಎರಡು ಅಕ್ಷರ ‘ಪಿಕೆ’. ಜಿಪ್ ವಿನ್ಯಾಸ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಕಡತದ ಹೆಸರಿನ ಕೊನೆಯ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆದು ನೋಡಿ: ಒಳಗೆ ‘ಷೇರ್ಡ್‌ಸ್ಟ್ರಿಂಗ್ಸ್’ ಎಂಬ ಪಠ್ಯ ಕಡತ ಇರುತ್ತದೆ, ಅದರಲ್ಲಿ ಎಲ್ಲರ ಹೆಸರು, ಊರು ಸಾಲಾಗಿ ಬರಿಗಣ್ಣಿಗೇ ಕಾಣುತ್ತವೆ. ‘ಪ್ರೊಟೆಕ್ಟ್ ಶೀಟ್’ ಎಂಬಲ್ಲಿ ಪಾಸ್‌ವರ್ಡ್ ಕೊಟ್ಟಿದ್ದರೂ ಇಷ್ಟೂ ಹೀಗೇ ಕಾಣುತ್ತದೆ. ಆ ಪಾಸ್‌ವರ್ಡ್ ಇರುವುದು ಕೈತಪ್ಪಿ ಯಾರೂ ಅಂಕಿ ತಿದ್ದದಿರಲಿ ಎಂದು. ಗುಟ್ಟು ಕಾಯುವುದು ಅದರ ಕೆಲಸವೇ ಅಲ್ಲ. ಅದನ್ನು ನಂಬಿ ಕೂತವರು ಬಹಳ ಮಂದಿ ಇದ್ದಾರೆ ಎಂಬುದು ಬೇಸರದ ಸಂಗತಿ.

‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಬೇರೆಯೇ ಜಾತಿಯದು. ಆಫೀಸ್ 2013ರಿಂದ ಈಚೆಗೆ ಎಕ್ಸೆಲ್ ನಿಮ್ಮ ಪಾಸ್‌ವರ್ಡಿಗೆ ಯಾದೃಚ್ಛಿಕ ಅಂಕಿಗಳನ್ನು ಬೆರೆಸಿ, ಒಂದು ಲಕ್ಷ ಸಲ ಹ್ಯಾಶ್ ಮಾಡುತ್ತದೆ, ಅಂದರೆ ಹಿಂದಕ್ಕೆ ಬಿಡಿಸಲಾಗದಂತೆ ಕಲಸುತ್ತದೆ. ಹಾಗೆ ಹುಟ್ಟಿದ ಕೀಲಿಯ ಬಲದಲ್ಲಿ ಇಡೀ ಕಡತವನ್ನು 256 ಬಿಟ್‌ನ ಎಇಎಸ್ ವಿಧಾನದಿಂದ ಗೂಢಲಿಪಿಗೆ ತಿರುಗಿಸುತ್ತದೆ. ಒಂದು ಲಕ್ಷ ಸಲ ಯಾಕೆಂದರೆ, ಪಾಸ್‌ವರ್ಡ್ ಊಹಿಸುತ್ತಾ ಕೂತವನಿಗೆ ಒಂದೊಂದು ಊಹೆಗೂ ಅಷ್ಟು ದುಡಿಮೆ ಬೀಳಲಿ ಎಂದು. ಈಗ ಕಡತದಲ್ಲಿ ‘ಪಿಕೆ’ಯೂ ಇಲ್ಲ, ಜಿಪ್ಪೂ ಇಲ್ಲ.

ಮರ್ಜ್ ಮುರಿಯುವುದು ಇಲ್ಲೇ. ವರ್ಡ್ ತಾನಾಗಿ ಎಕ್ಸೆಲ್ ಕಡತವನ್ನು ಓದುವುದಿಲ್ಲ. ‘ಏಸ್’ ಎಂಬ ದತ್ತಾಂಶ ಚಾಲಕವೊಂದು ಓದಿ ಕೊಡುತ್ತದೆ, ಗೂಢಲಿಪಿಯ ಎಕ್ಸೆಲ್ ಕಡತವನ್ನು ಬಿಡಿಸುವುದು ಆ ಚಾಲಕಕ್ಕೆ ಗೊತ್ತಿಲ್ಲ. ಒಂದು ದಾರಿ ಇದೆ: ಪಾಸ್‌ವರ್ಡ್ ಕೊಟ್ಟು ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟುಕೊಂಡೇ ವರ್ಡ್‌ನಲ್ಲಿ ಮರ್ಜ್ ಮಾಡುವುದು. ಆಗ ಎರಡನೇ ಪ್ರತಿ ಬೇಕಾಗುವುದಿಲ್ಲ. ಇದು ತಿಳಿಯದೆಯೇ ಎಷ್ಟೋ ಕಚೇರಿಗಳಲ್ಲಿ ಪಾಸ್‌ವರ್ಡ್ ಕಿತ್ತುಹಾಕುತ್ತಾರೆ.

ಕೆಲಸ ಡಿಟಿಪಿ ಅಂಗಡಿಗೆ ಹೋದರೆ ಪರಿಸ್ಥಿತಿ ಇನ್ನೂ ಕಷ್ಟ. ಅಲ್ಲಿ ಬಳಸುವ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ನ ಡೇಟಾ ಮರ್ಜ್ ಎಕ್ಸೆಲ್ ಕಡತವನ್ನೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೇಕಾದ್ದು ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಅಥವಾ ಟ್ಯಾಬ್‌ನಿಂದ ಬೇರ್ಪಡಿಸಿದ ಪಠ್ಯ ಕಡತ. ಅವು ಬರೀ ಅಕ್ಷರ, ಅವುಗಳೊಳಗೆ ಪಾಸ್‌ವರ್ಡಿಗೆ ಜಾಗವೇ ಇಲ್ಲ. ಕನ್ನಡದ ಪಟ್ಟಿಯನ್ನು ಎಕ್ಸೆಲ್‌ನಿಂದ ಸಾಧಾರಣ ಸಿಎಸ್‌ವಿಯಾಗಿ ಉಳಿಸಿದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕೆಟ್ಟಿತು ಎಂದು ಅದನ್ನು ಅಲ್ಲೇ ಬಿಟ್ಟು, ‘ಯೂನಿಕೋಡ್ ಟೆಕ್ಸ್ಟ್’ ಆಗಿ ಮತ್ತೆ ಉಳಿಸುತ್ತಾರೆ. ಕೆಟ್ಟ ಕಡತದಲ್ಲಿ ಹೆಸರು ಅಳಿಸಿಹೋಗಿರಬಹುದು. ಫೋನ್ ನಂಬರು, ಆಧಾರ್ ಸಂಖ್ಯೆ ಒಂದಂಕಿಯೂ ಕೆಡದೆ ಕುಳಿತಿರುತ್ತವೆ.

ಹಾಗಾದರೆ ಕಾಯುವುದು ಹೇಗೆ? ಉತ್ತರದ ಸುಳಿವು ವರ್ಡ್ ತಾನೇ ತೋರಿಸುವ ಒಂದು ಸಂದೇಶದಲ್ಲಿದೆ. ಮರ್ಜ್ ದಾಖಲೆಯನ್ನು ಮತ್ತೆ ತೆರೆದಾಗ ‘ಸೆಲೆಕ್ಟ್ * ಫ್ರಮ್’ ಎಂದು ಶುರುವಾಗುವ, ಹಾಳೆಯ ಹೆಸರಿನಲ್ಲಿ ಮುಗಿಯುವ ಆಜ್ಞೆಯೊಂದನ್ನು ನಡೆಸಲೇ ಎಂದು ಅದು ಕೇಳುತ್ತದೆ. ನಾವು ಓದದೆಯೇ ‘ಎಸ್’ ಒತ್ತುತ್ತೇವೆ. ಅಲ್ಲಿರುವ ನಕ್ಷತ್ರದ ಅರ್ಥ: ಎಲ್ಲ ಕಂಬಸಾಲುಗಳನ್ನೂ ತಾ. ನೋಟಿಸಿನಲ್ಲಿ ಅಚ್ಚಾಗುವುದು ಹೆಸರು ಮತ್ತು ವಿಳಾಸ ಮಾತ್ರ ಇರಬಹುದು, ಸಾಲದ ಬಾಕಿಯೂ ಜೊತೆಗೇ ಹೊರಟು ಬರುತ್ತದೆ. ಆದ್ದರಿಂದ ಮೊದಲ ಕೆಲಸ, ಅಚ್ಚಾಗುವ ಕಂಬಸಾಲುಗಳನ್ನಷ್ಟೇ ಒಂದು ಹೊಸ ಖಾಲಿ ಕಡತಕ್ಕೆ ನಕಲಿಸುವುದು. ಮರ್ಜ್‌ಗೆ ಕೊಡುವುದು ಅದನ್ನೇ. ಆ ಚಿಕ್ಕ ಪಟ್ಟಿ ಕಳೆದುಹೋದರೂ ಹೊರಬೀಳುವುದು ಲಕೋಟೆಯ ಮೇಲೆ ಇರುವಷ್ಟು ಸಂಗತಿ ಮಾತ್ರ.

ಬೇಡದ ಕಂಬಸಾಲನ್ನು ‘ಹೈಡ್’ ಮಾಡಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಒಂದು ಎಕ್ಸೆಲ್ ಕಡತ ಕಳಿಸಿತು. ಅರ್ಜಿದಾರರು ಕೇಳಿದ್ದು ಯಾವ ದರ್ಜೆಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕವನ್ನಷ್ಟೇ. ಕಡತದಲ್ಲಿ ಅಡಗಿದ್ದ ಇನ್ನೊಂದು ಹಾಳೆಯಲ್ಲಿ 9,483 ಅಧಿಕಾರಿ-ಸಿಬ್ಬಂದಿಯ ಉಪನಾಮ, ದರ್ಜೆ, ಕೆಲಸದ ಸ್ಥಳ ಇದ್ದವು. ಅಷ್ಟೂ ಅಂತರ್ಜಾಲದಲ್ಲಿ ಪ್ರಕಟವಾಯಿತು. ಸಶಸ್ತ್ರ ಗುಂಪುಗಳ ಬೆದರಿಕೆಯ ನಡುವೆ ಬದುಕುವ ಪೊಲೀಸರು ಅವರು. ತಾವು ಪೊಲೀಸರೆಂಬುದನ್ನೇ ಅಕ್ಕಪಕ್ಕದವರಿಗೆ ಹೇಳದವರೂ ಅವರಲ್ಲಿದ್ದರು. ಮರುವರ್ಷ ಇಲಾಖೆಗೆ 7,50,000 ಪೌಂಡ್ ದಂಡ ಬಿತ್ತು.

ಮೂಲ ಪಟ್ಟಿ ಸಂಘದ ಕಂಪ್ಯೂಟರ್ ಬಿಟ್ಟು ಕದಲಬಾರದು. ಮರ್ಜ್ ಅಲ್ಲೇ ಮುಗಿಸಿ ಅಂಗಡಿಗೆ ಪಿಡಿಎಫ್ ಕೊಡುವುದು ಒಳ್ಳೆಯದು. ಪಟ್ಟಿಯನ್ನೇ ಕೊಡಬೇಕಾಗಿ ಬಂದರೆ ಚಿಕ್ಕ ಪಟ್ಟಿಯ ಎಕ್ಸೆಲ್ ಕಡತಕ್ಕೆ ಪಾಸ್‌ವರ್ಡ್ ಹಾಕಿ ಕಳಿಸಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಬೇಕು. ಕಡತ ಹೋದ ವಾಟ್ಸ್ಆ್ಯಪ್ ಮೆಸೇಜಿನಲ್ಲೇ ಬರೆಯಬಾರದು. ಅಚ್ಚಾದ ಮೇಲೆ ಆ ಚಿಕ್ಕ ಪಟ್ಟಿಯನ್ನು ಎರಡೂ ಕಡೆ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು. ಮರ್ಜ್ ದಾಖಲೆಯನ್ನು ‘ಪ್ರಿವ್ಯೂ ರಿಸಲ್ಟ್ಸ್’ ಒತ್ತಿದ ಸ್ಥಿತಿಯಲ್ಲೇ ಉಳಿಸಿದರೆ, ಪರದೆಯಲ್ಲಿದ್ದ ಒಬ್ಬ ಸದಸ್ಯರ ವಿವರ ಅದರೊಳಗೆ ಉಳಿದುಬಿಡುತ್ತದೆ. ಮುಂದಿನ ವರ್ಷಕ್ಕೆ ಮಾದರಿ ಎಂದು ಅದನ್ನು ಬೇರೆಯವರಿಗೆ ಕಳಿಸುವ ಮೊದಲು ನೋಡಿಕೊಳ್ಳಬೇಕು.

ಈ ಎಚ್ಚರಿಕೆಯ ಹಿಂದೆ ಕಾನೂನೂ ಇದೆ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ದತ್ತಾಂಶವನ್ನು ಬೇರೆಯವರ ಕೈಯಲ್ಲಿ ಕೊಟ್ಟು ಕೆಲಸ ಮಾಡಿಸಿದರೂ ಹೊಣೆ ಮೂಲ ಸಂಸ್ಥೆಯದೇ. ಡಿಟಿಪಿ ಅಂಗಡಿಯಿಂದ ಪಟ್ಟಿ ಸೋರಿದರೆ ಉತ್ತರ ಹೇಳಬೇಕಾದವರು ಪಟ್ಟಿ ಕೊಟ್ಟವರು. ರಕ್ಷಣೆಯ ಕ್ರಮಗಳಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಏರಬಹುದು.

ಇಷ್ಟೆಲ್ಲ ಮಾಡಿಯೂ ಕಾಗದದಲ್ಲಿ ಎಡವಬಹುದು. 2017ರಲ್ಲಿ ಅಮೆರಿಕದ ಏಟ್ನಾ ವಿಮಾ ಕಂಪನಿ ಕಳಿಸಿದ ಪತ್ರಗಳಲ್ಲಿ ವಿಳಾಸ ಕಾಣಬೇಕಿದ್ದ ಲಕೋಟೆಯ ಕಿಟಕಿಯಲ್ಲಿ ಎಚ್‌ಐವಿ ಔಷಧಿಯ ಕುರಿತ ಮಾತೂ ಕಾಣುತ್ತಿತ್ತು. ಸುಮಾರು 12,000 ಮಂದಿಗೆ ಆ ಪತ್ರ ಹೋಗಿತ್ತು. ಪರಿಹಾರವಾಗಿ ಕಂಪನಿ ಸುಮಾರು 1.7 ಕೋಟಿ ಡಾಲರ್ ಕೊಡಲು ಒಪ್ಪಿತು. ಕಿಟಕಿ ಇರುವ ಲಕೋಟೆ ಬಳಸುವವರು ಮೊದಲು ಒಂದೇ ಪತ್ರ ಅಚ್ಚು ಹಾಕಿ, ಮಡಿಸಿ ತುಂಬಿ, ಲಕೋಟೆಯ ನಾಲ್ಕು ಅಂಚನ್ನೂ ಮೇಜಿಗೆ ತಟ್ಟಿ ನೋಡಬೇಕು. ಒಳಗಿನ ಕಾಗದ ಯಾವ ಕಡೆಗೆ ಜಾರಿದರೂ ಕಿಟಕಿಯಲ್ಲಿ ವಿಳಾಸ ಬಿಟ್ಟು ಬೇರೇನೂ ಕಾಣಿಸಬಾರದು. ಕಂಡರೆ ವಿಳಾಸದ ಕೆಳಗಿನ ಸಾಲನ್ನು ಇನ್ನಷ್ಟು ಕೆಳಕ್ಕೆ ಸರಿಸಿ, ಆಮೇಲೆ ಉಳಿದದ್ದನ್ನು ಅಚ್ಚಿಗೆ ಕಳಿಸಬೇಕು.