ಮರಣದಂಡನೆಯೂ ತಿದ್ದಲಾರದ ತಪ್ಪೂ

ಕೊಂದವನನ್ನು ರಾಜ್ಯವು ಕೊಲ್ಲಬಹುದೆ? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ದಂಡನೀತಿ ಹುಟ್ಟಿದಂದಿನಿಂದಲೂ ಇರುವುದು. ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ 'ಮರಣದಂಡನೆ ಉಳಿಯತಕ್ಕದ್ದು' ಎಂಬ ವಿಷಯವನ್ನಿಟ್ಟಿದ್ದರು. ನಾನು ವಿಷಯದ ಪರವಾಗಿ ಮಾತನಾಡಿದೆನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಗಟ್ಟಿಯಾಗಿ ಹೇಳಿದಾಗ ಚಪ್ಪಾಳೆ ಬಿದ್ದಿತು; ಮೊದಲನೆಯ ಬಹುಮಾನವೂ ಬಂದಿತು.

ಸಂಜೆ ದಾವಣಗೆರೆಯಿಂದ ಬಸ್ಸಿನಲ್ಲಿ ಹರಿಹರಕ್ಕೆ ಹಿಂದಿರುಗಿ ನನ್ನ ವಾದವನ್ನೆಲ್ಲ ನಮ್ಮ ತಂದೆಯವರ ಮುಂದೆ ಒಪ್ಪಿಸಿದೆನು. ಅವರು ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲ್ಲವನ್ನೂ ಕೇಳಿದ ಮೇಲೆ ಒಂದೇ ಮಾತು ಕೇಳಿದರು: "ಅಲ್ಲಪಾ, ತಪ್ಪಿ ಬ್ಯಾರೇದವನ್ನ ಗಲ್ಲಿಗೆ ಹಾಕಿದ್ರೆ ಆಮ್ಯಾಲೆ ಏನ್ ಮಾಡ್ತಾರೆ?"

ಹಿಂದೊಮ್ಮೆ ಗಿರಣಿಯ ಲೆಕ್ಕದಲ್ಲಿ ಎರಡು ಚೀಲ ಕಡಮೆ ಬಂದಾಗ ಅವರ ಮೇಲೆ ಅನುಮಾನಪಟ್ಟು ಹದಿನೈದು ದಿನದ ಕೂಲಿಯನ್ನು ಹಿಡಿದಿದ್ದರು. ಒಂದು ತಿಂಗಳ ತರುವಾಯ ಆ ಚೀಲಗಳು ಬೇರೊಂದು ಅಟ್ಟಿಯಲ್ಲಿ ಸಿಕ್ಕವು; ಕೂಲಿಯೂ ಹಿಂದಕ್ಕೆ ಬಂದಿತು. ಅದನ್ನು ನೆನೆದೇ ಅವರು ಹಾಗೆ ಕೇಳಿದರೆಂದು ನನಗೆ ಆಮೇಲೆ ಹೊಳೆಯಿತು. ಕೂಲಿಯನ್ನು ಹಿಂದಕ್ಕೆ ಕೊಡಬಹುದು. ಜೀವವನ್ನು? ಬಹುಮಾನ ಪಡೆದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಓದಿದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮಿನಂತೆ ಕೊಲೆಗೆ ಇರುವ ಶಿಕ್ಷೆಗಳು ಎರಡು: ಮರಣದಂಡನೆ, ಇಲ್ಲವೆ ಜೀವಾವಧಿ ಸೆರೆವಾಸ. ಹಳೆಯ ದಂಡ ಸಂಹಿತೆಯ 302ನೆಯ ಕಲಮಿನಲ್ಲಿಯೂ ಹೀಗೆಯೇ ಇತ್ತು. ಆದರೆ ಈ ಎರಡರೊಳಗೆ ಯಾವುದನ್ನು ಆರಿಸಬೇಕೆಂಬ ವಿಚಾರದಲ್ಲಿ ನಮ್ಮ ದೇಶ ಬಹು ದೂರ ನಡೆದುಬಂದಿದೆ. 1955ರ ವರೆಗೆ ಕೊಲೆಗಾರನಿಗೆ ಮರಣದಂಡನೆ ಕೊಡದಿದ್ದರೆ ಏಕೆ ಕೊಡಲಿಲ್ಲವೆಂದು ನ್ಯಾಯಾಧೀಶರು ಕಾರಣ ಬರೆಯಬೇಕಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯು ಇದನ್ನು ತಿರುಗಿಸಿ, ಮರಣದಂಡನೆ ಕೊಡುವುದಕ್ಕೇ ವಿಶೇಷ ಕಾರಣ ಬರೆಯಬೇಕೆಂದು ವಿಧಿಸಿತು. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯು ಸಂವಿಧಾನಕ್ಕೆ ವಿರುದ್ಧವಲ್ಲವೆಂದೂ, ಆದರೆ ಅದು 'ಅಪರೂಪದಲ್ಲಿ ಅಪರೂಪ'ವಾದ ಪ್ರಸಂಗಗಳಿಗೆ ಮಾತ್ರ ಮೀಸಲೆಂದೂ ಹೇಳಿತು. ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಪಿ. ಎನ್. ಭಗವತಿಯವರು ಇದಕ್ಕೆ ಒಪ್ಪದೆ ಭಿನ್ನಮತವನ್ನು ಬರೆದರು.

ಇನ್ನು ಕ್ರಮದ ಮಾತು. ದಾವಣಗೆರೆಯ ಸೆಷನ್ಸ್ ನ್ಯಾಯಾಲಯವು ಒಬ್ಬನಿಗೆ ಮರಣದಂಡನೆ ವಿಧಿಸಿತೆನ್ನಿ. ಆತನು ಮೇಲ್ಮನವಿ ಸಲ್ಲಿಸಲಿ ಬಿಡಲಿ, ಆ ಕಾಗದಪತ್ರಗಳು ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋಗಲೇಬೇಕು. ಅಲ್ಲಿ ದೃಢವಾಗದೆ ಶಿಕ್ಷೆ ನಡೆಯುವಂತಿಲ್ಲ. (ಹರಿಹರದ ಸೇತುವೆ ದಾಟಿ ರಾಣೇಬೆನ್ನೂರು ತಾಲ್ಲೂಕಿಗೆ ಕಾಲಿಟ್ಟರೆ ಅದು ಧಾರವಾಡ ಪೀಠದ ವ್ಯಾಪ್ತಿ. ತುಂಗಭದ್ರೆಯ ಎರಡು ದಡಗಳಿಗೆ ಎರಡು ಪೀಠಗಳು!) ಅದಾದ ಮೇಲೆ ಸರ್ವೋಚ್ಚ ನ್ಯಾಯಾಲಯ, ಪುನರ್ವಿಮರ್ಶೆ, ಸಂವಿಧಾನದ 161ನೆಯ ವಿಧಿಯಂತೆ ರಾಜ್ಯಪಾಲರು, 72ನೆಯ ವಿಧಿಯಂತೆ ರಾಷ್ಟ್ರಪತಿಗಳು. ಇಷ್ಟೊಂದು ಮೆಟ್ಟಿಲುಗಳಿರುವಾಗ ತಪ್ಪು ನುಸುಳುವುದಾದರೂ ಎಲ್ಲಿಂದ ಎಂದು ಚರ್ಚಾಕೂಟದಲ್ಲಿ ನಾನೇ ಕೇಳಿದ್ದೆನು.

ಮರಣದಂಡನೆಯ ಪರವಾದ ವಾದಗಳನ್ನು ಹಗುರವಾಗಿ ಕಾಣಕೂಡದು. ಮಗಳನ್ನು ಕಳೆದುಕೊಂಡ ತಾಯಿಗೆ ನೀತಿಬೋಧೆ ಮಾಡುವ ಅಧಿಕಾರ ನಮಗಿಲ್ಲ. ಮತ್ತೆ ಮತ್ತೆ ಕೊಲ್ಲುವವರೂ ಉಂಟು. ನಮ್ಮ ರಾಜ್ಯದ ಕಲಬುರಗಿ ಕಡೆಯ ಒಬ್ಬನು ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಯಲ್ಲಿದ್ದವನು, 1994ರಲ್ಲಿ ಪೆರೋಲಿನ ಮೇಲೆ ಹೊರಗೆ ಬಂದು ಎರಡನೆಯ ಹೆಂಡತಿಯನ್ನೂ ಮಗಳನ್ನೂ ಕೊಂದನು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನ ಮರಣದಂಡನೆಯನ್ನು ಎತ್ತಿಹಿಡಿಯಿತು. ಮುಂದೆ 2023ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಜೀವಾವಧಿಗೆ ಇಳಿಸಿತು. ಇಂಥವನನ್ನು ಉಳಿಸಿದರೆ ಇನ್ನೆಷ್ಟು ಜೀವ ಹೋಗುವುದೋ ಎಂಬ ಭೀತಿ ಸಹಜವಾದದ್ದು. 1967ರಲ್ಲಿ ಕಾನೂನು ಆಯೋಗವು ತನ್ನ 35ನೆಯ ವರದಿಯಲ್ಲಿ, ಭಾರತದ ಪರಿಸ್ಥಿತಿಯಲ್ಲಿ ಈ ಶಿಕ್ಷೆಯನ್ನು ತೆಗೆದುಹಾಕುವ ಪ್ರಯೋಗಕ್ಕೆ ಕೈಹಾಕಲಾಗದೆಂದು ಹೇಳಿದ್ದೂ ಇಂತಹ ಭೀತಿಯಿಂದಲೇ.

ಆದರೆ ಈ ವಾದಗಳೆಲ್ಲ ಒಂದು ಆಧಾರದ ಮೇಲೆ ನಿಂತಿವೆ: ನಮ್ಮ ಕೈಗೆ ಸಿಕ್ಕವನೇ ಕೊಂದವನು ಎಂಬುದು. ಆ ಆಧಾರ ಎಷ್ಟು ಗಟ್ಟಿ?

ದೂರ ಹೋಗಬೇಕಾಗಿಲ್ಲ. ಕೊಡಗಿನ ಕುಶಾಲನಗರದ ಕಡೆಯ ಒಬ್ಬ ಬಡವನ ಹೆಂಡತಿ ಕಾಣೆಯಾದಳು. ಆತನೇ ಹೋಗಿ ಠಾಣೆಯಲ್ಲಿ ದೂರು ಕೊಟ್ಟನು. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತ್ತು. ಅದು ಆಕೆಯದೇ ಎಂದು ತೀರ್ಮಾನವಾಗಿ, ಕೊಂದವನು ಗಂಡನೇ ಎಂದು ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಆತನು ಸುಮಾರು ಒಂದೂವರೆ ವರ್ಷ ಸೆರೆಮನೆಯಲ್ಲಿದ್ದನು. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು! ಆಕೆಯನ್ನು ಮೈಸೂರಿನ ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದರು. ಗಂಡನು ನಿರ್ದೋಷಿಯೆಂದು ಬಿಡುಗಡೆಯಾದನು. ಈತನಿಗೆ ಶಿಕ್ಷೆಯಾಗಿರಲಿಲ್ಲ, ವಿಚಾರಣೆಯಷ್ಟೇ ನಡೆಯುತ್ತಿತ್ತು, ನಿಜ. ಆದರೆ ಆಕೆ ಸಿಕ್ಕದೆ ಹೋಗಿದ್ದರೆ? ಇನ್ನೂ ಒಂದು ಮಾತುಂಟು. ಆ ಅಸ್ಥಿಗಳು ಆಕೆಯವಲ್ಲವಾದರೆ ಯಾರವು? ತಪ್ಪಾಗಿ ಒಬ್ಬನನ್ನು ಹಿಡಿದಾಗ ಅನ್ಯಾಯವಾಗುವುದು ಅವನೊಬ್ಬನಿಗೇ ಅಲ್ಲ, ಸತ್ತವರಿಗೂ ಆಗುತ್ತದೆ. ಅವರನ್ನು ಹುಡುಕುವವರೇ ಇಲ್ಲದಂತಾಗುತ್ತದೆ.

ಎಲ್ಲ ಮೆಟ್ಟಿಲುಗಳನ್ನೂ ದಾಟಿದ ತಪ್ಪಿಗೆ ನೆರೆಯ ಮಹಾರಾಷ್ಟ್ರದಲ್ಲಿ ಉದಾಹರಣೆಯಿದೆ. ಅಲ್ಲಿ 2003ರಲ್ಲಿ ನಡೆದ ಒಂದು ಘೋರ ಕೊಲೆಯಲ್ಲಿ ಅಲೆಮಾರಿ ಬುಡಕಟ್ಟಿಗೆ ಸೇರಿದ ಆರು ಜನರನ್ನು ಹಿಡಿದರು. ಕೆಳಗಿನ ನ್ಯಾಯಾಲಯ ಆರು ಜನರಿಗೂ ಮರಣದಂಡನೆ ಕೊಟ್ಟಿತು. ಉಚ್ಚ ನ್ಯಾಯಾಲಯ ಮೂವರದನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೂವರಿಗೂ ಮರಳಿ ಮರಣದಂಡನೆಯನ್ನೇ ವಿಧಿಸಿತು. ಅದೇ ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿನಲ್ಲಿ ಮೊಕದ್ದಮೆಯನ್ನು ಮತ್ತೆ ಪರಿಶೀಲಿಸಿ, ಆರು ಜನರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಒಬ್ಬೊಬ್ಬರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಅವರಲ್ಲೊಬ್ಬನು ಕೃತ್ಯದ ಕಾಲಕ್ಕೆ ಬಾಲಾಪರಾಧಿಯ ವಯಸ್ಸಿನವನಾಗಿದ್ದನು. 2009ಕ್ಕೂ 2019ಕ್ಕೂ ನಡುವೆ ಇವರನ್ನು ಗಲ್ಲಿಗೇರಿಸಿದ್ದರೆ 2019ರ ತೀರ್ಪನ್ನು ಯಾರ ಮುಂದೆ ಓದಬೇಕಾಗಿತ್ತು?

ಇಂಗ್ಲೆಂಡಿನಲ್ಲಿ ಹಾಗೆಯೇ ಆಯಿತು. ಟಿಮೊಥಿ ಇವಾನ್ಸ್ ಎಂಬುವನನ್ನು ತನ್ನ ಎಳೆಯ ಮಗಳನ್ನು ಕೊಂದನೆಂದು 1950ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ಅವನ ವಿರುದ್ಧ ಮುಖ್ಯ ಸಾಕ್ಷಿ ಹೇಳಿದವನು ಅದೇ ಮನೆಯಲ್ಲಿದ್ದ ಕ್ರಿಸ್ಟಿ ಎಂಬುವನು. ಮೂರು ವರ್ಷಗಳ ತರುವಾಯ ಆ ಮನೆಯಲ್ಲಿ ಹೆಣಗಳು ಸಿಕ್ಕಿ, ಕ್ರಿಸ್ಟಿಯೇ ಸರಣಿ ಕೊಲೆಗಾರನೆಂದು ಬಯಲಾಯಿತು. ಇವಾನ್ಸನು ಸತ್ತ ಮೇಲೆ ಅವನು ಇನ್ನೂ ನಾಲ್ವರು ಹೆಂಗಸರನ್ನು ಕೊಂದಿದ್ದನು. 1966ರಲ್ಲಿ ಇವಾನ್ಸನಿಗೆ ರಾಣಿಯ ಕ್ಷಮೆ ದೊರೆಯಿತು. ಸತ್ತವನಿಗೆ ಕ್ಷಮೆ! ಆ ದೇಶವು 1965ರಲ್ಲಿ ಕೊಲೆಗೆ ಮರಣದಂಡನೆಯನ್ನು ತಡೆಹಿಡಿದು 1969ರಲ್ಲಿ ಕಾಯಮಾಗಿ ತೆಗೆದುಹಾಕಿತು.

ತಪ್ಪುಗಳು ಹುಟ್ಟುವ ಬಗೆಯನ್ನು ವಿಚಾರಿಸಿದರೆ ಅದರಲ್ಲಿ ರಹಸ್ಯವೇನೂ ಇಲ್ಲ. ಕತ್ತಲಲ್ಲಿ ಕಂಡ ಮುಖವನ್ನು ಕಣ್ಣು ತಪ್ಪಾಗಿ ಗುರುತಿಸುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕಾನೂನು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಆದರೆ ಆ ಹೇಳಿಕೆಯಿಂದ ಸಿಕ್ಕ ವಸ್ತುವಿಗೆ ಸಂಬಂಧಪಟ್ಟ ಭಾಗವನ್ನು ಒಪ್ಪುತ್ತದೆ. ಹೀಗಾಗಿ ಎಲ್ಲ ಭಾರವೂ ಪಂಚನಾಮೆಯ ಮೇಲೆ ಬೀಳುತ್ತದೆ. ಪಂಚರು ಅದನ್ನು ಓದಿಯೇ ಸಹಿ ಹಾಕಿದರೋ, ಕರೆದರೆಂದು ಬಂದು ಹಾಕಿದರೋ ಎಂಬುದು ಬೇರೆ ಮಾತು. ಮೇಲಿನ ನ್ಯಾಯಾಲಯಗಳು ನೋಡುವುದು ಕೆಳಗೆ ಸಿದ್ಧವಾದ ಕಾಗದಗಳನ್ನೇ. ತಳಪಾಯ ಸೊಟ್ಟಗಿದ್ದರೆ ಮೇಲೆ ಎಷ್ಟು ಅಂತಸ್ತು ಕಟ್ಟಿದರೂ ಗೋಡೆ ನೆಟ್ಟಗಾಗುವುದಿಲ್ಲ. ನನ್ನ ಪ್ರಶ್ನೆಗೆ ಉತ್ತರ ಇದೇ.

ಈ ತಪ್ಪಿನ ಹೊರೆಯನ್ನು ಹೊರುವವರು ಯಾರು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು ಮರಣದಂಡನೆಗೊಳಗಾದ ಕೈದಿಗಳನ್ನು ಕಂಡು 2016ರಲ್ಲಿ ಪ್ರಕಟಿಸಿದ ವರದಿಯಂತೆ, ನಾಲ್ವರಲ್ಲಿ ಸುಮಾರು ಮೂವರು ಆರ್ಥಿಕವಾಗಿ ದುರ್ಬಲರು. ಇದು ನನಗೆ ಅರ್ಥವಾಗುವ ಮಾತು. ನಮ್ಮ ಮನೆಗೆ ಬರುವ ಸರ್ಕಾರಿ ಕಾಗದವನ್ನು ಓದಬಲ್ಲವನು ನಾನೊಬ್ಬನೇ. ನಾನು ಓದದೆ ಹೋಗಿದ್ದರೆ ನಮ್ಮ ತಂದೆಯವರು ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಿದ್ದರು. ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂಬ ಕಾನೂನಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯೂ ಇದೆ. ಆದರೆ ವಕೀಲರಿರುವುದು ಬೇರೆ. ಕಕ್ಷಿಗಾರನ ಮನೆ, ಊರು, ಬಾಳು ತಿಳಿದು ವಾದಿಸುವಷ್ಟು ಅವಕಾಶ ಅವರಿಗಿರುವುದು ಬೇರೆ.

ಅಪರಾಧಿ ಯಾರೆಂಬುದರಲ್ಲಿ ಸಂಶಯವಿಲ್ಲದಾಗಲೂ ಸಾವು ತಕ್ಕ ಶಿಕ್ಷೆಯೇ ಎಂಬಲ್ಲಿ ಒಮ್ಮತವಿಲ್ಲ. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣವನ್ನು ನೋಡಿ. 1991ರಲ್ಲಿ ಹೆಂಡತಿಯನ್ನು ಕೊಂದು ಮನೆಯಂಗಳದಲ್ಲಿ ಹೂತ ಈತನ ಮೊಕದ್ದಮೆಯನ್ನು 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಕೇಳಿದರು. ಕಾಗದಗಳು ಅವೇ, ಸಾಕ್ಷ್ಯ ಅದೇ. ಒಬ್ಬರು ಮರಣದಂಡನೆ ಎಂದರು; ಇನ್ನೊಬ್ಬರು ಬೇಡವೆಂದರು. 2008ರಲ್ಲಿ ಮೂವರ ಪೀಠವು ಮಧ್ಯದ ದಾರಿಯೊಂದನ್ನು ತೆರೆಯಿತು: ಅವನನ್ನು ಗಲ್ಲಿಗೇರಿಸುವುದು ಬೇಡ, ಆದರೆ ಉಸಿರಿರುವ ತನಕ ಸೆರೆಮನೆಯಿಂದ ಬಿಡುಗಡೆಯೂ ಇಲ್ಲ. ಕೊಲೆಗಾರನು ಹೊರಗೆ ಬಂದು ಮತ್ತೆ ಕೊಲ್ಲುವನೆಂಬ ಭೀತಿಗೆ ಇದೇ ಸರಿಯಾದ ಉತ್ತರವೆಂದು ನನಗೆ ತೋರುತ್ತದೆ. ಕಲಬುರಗಿಯ ಪ್ರಸಂಗದಲ್ಲಿಯೂ ಎರಡು ಜೀವಗಳು ಹೋದುದು ಗಲ್ಲಿಲ್ಲದುದರಿಂದ ಅಲ್ಲ; ಬಾಗಿಲು ತೆರೆದುದರಿಂದ. ಬಾಗಿಲು ಮುಚ್ಚಿದ್ದರೆ ಸಮಾಜಕ್ಕೆ ರಕ್ಷಣೆಯುಂಟು. ತಪ್ಪಾಗಿದೆಯೆಂದು ತಿಳಿದ ದಿನ ಆ ಬಾಗಿಲನ್ನು ತೆರೆಯಲೂ ಬಹುದು.

ಭಯದಿಂದ ಕೊಲೆ ನಿಲ್ಲುವುದೆಂಬ ವಾದಕ್ಕೂ ಕಾನೂನು ಆಯೋಗವೇ ಉತ್ತರ ಹೇಳಿದೆ. 2015ರಲ್ಲಿ ನ್ಯಾಯಮೂರ್ತಿ ಎ. ಪಿ. ಷಾ ಅವರ ಅಧ್ಯಕ್ಷತೆಯಲ್ಲಿ ಹೊರಬಂದ 262ನೆಯ ವರದಿಯು, ಜೀವಾವಧಿ ಶಿಕ್ಷೆಗಿಂತ ಮರಣದಂಡನೆ ಹೆಚ್ಚಿನ ಭಯವನ್ನು ಹುಟ್ಟಿಸುವುದೆಂಬುದಕ್ಕೆ ಆಧಾರವಿಲ್ಲವೆಂದು ತಿಳಿಸಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಅದನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ಮೊದಲಿನ ವರದಿಗೂ ಇದಕ್ಕೂ ನಡುವೆ ನಲವತ್ತೆಂಟು ವರ್ಷಗಳ ಅನುಭವವಿದೆ.

ರಾಜ್ಯದ ದೃಷ್ಟಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಂಬುದಕ್ಕೆ ನಮ್ಮ ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರೇ ಸಾಕ್ಷಿ. 1942ರ ಚಳವಳಿಯಲ್ಲಿ ಅಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. ಅದಕ್ಕಾಗಿ 1943ರ ಮಾರ್ಚಿನಲ್ಲಿ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಾಲ್ಕು ವರ್ಷಗಳು ಕಳೆದವು, ಸ್ವಾತಂತ್ರ್ಯ ಬಂದಿತು, ಅಪರಾಧಿಗಳೆನಿಸಿದ್ದವರು ಹುತಾತ್ಮರಾದರು. ಅವರು ಸೆರೆಯಲ್ಲಿದ್ದಿದ್ದರೆ ಮನೆಗೆ ಬರುತ್ತಿದ್ದರು.

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ತರಗತಿಯಲ್ಲಿ ಓದಿದಾಗ ನಮಗಿದು ಹೊಳೆದಿರಲಿಲ್ಲ. ಕಾಶಿಯ ಅರಸುಮಗನನ್ನು ಕೊಂದಳೆಂದು ಚಂದ್ರಮತಿಯನ್ನು ಹಿಡಿದರಲ್ಲವೆ? ಇರುಳು, ಆಕೆಯ ಬಳಿ ಸತ್ತ ಮಗು. ಇಂದಿನ ವಕೀಲರ ಮಾತಿನಲ್ಲಿ ಅದು ಸಾಂದರ್ಭಿಕ ಸಾಕ್ಷ್ಯ. ದೊರೆಯ ಅಪ್ಪಣೆಯಾಯಿತು, ಖಡ್ಗವೂ ಮೇಲೆದ್ದಿತು. ಆಗ ವಿಶ್ವನಾಥನು ಪ್ರತ್ಯಕ್ಷನಾಗಿ ತಡೆದನು. ಬೆಳಗಾವಿಯ ಹಿಂಡಲಗಾ ಸೆರೆಮನೆಯ ಗಲ್ಲುಗಂಬದ ಬಳಿ ಯಾವ ದೇವರೂ ಪ್ರತ್ಯಕ್ಷನಾಗುವುದಿಲ್ಲ. ತಡೆಯಬೇಕಾದವರು ಮನುಷ್ಯರೇ.

ಆದುದರಿಂದ ನನ್ನ ಅಭಿಪ್ರಾಯವನ್ನು ನಾನು ಬದಲಿಸಿದ್ದೇನೆ. ಮುಂದಿನ ವರ್ಷ ಇದೇ ವಿಷಯವನ್ನಿಟ್ಟರೆ, ನಾನು ಆಗ ಇಲ್ಲಿರುವುದಿಲ್ಲವಾದರೂ, ನನ್ನ ಪರವಾಗಿ ಯಾರಾದರೂ ಎದುರು ಪಕ್ಷದಲ್ಲಿ ನಿಂತು ಆ ಹಮಾಲಿಯ ಪ್ರಶ್ನೆಯನ್ನು ಕೇಳಬೇಕೆಂದು ಬೇಡುತ್ತೇನೆ. ನಮ್ಮಲ್ಲಿ ಕೆಲವರು ಮುಂದೆ ಕಾನೂನು ಓದುವರು, ಕೆಲವರು ಪೊಲೀಸ್ ಇಲಾಖೆಗೆ ಸೇರುವರು. ಉಳಿದವರನ್ನು ಎಂದಾದರೊಮ್ಮೆ ಪಂಚನಾಮೆಗೆ ಸಹಿ ಹಾಕಲು ಕರೆಯಬಹುದು. ಅಕ್ಷರ ಕಲಿತವರು ನಾವು. ಕಂಡುದಕ್ಕೆ ಮಾತ್ರ, ಪೂರ್ತಿ ಓದಿಯೇ ಸಹಿ ಹಾಕೋಣ. ಆ ಕಾಗದ ಕೊನೆಗೆ ಎಲ್ಲಿಯವರೆಗೆ ಹೋಗುವುದೆಂದು ನಮಗೆ ಈಗ ಗೊತ್ತು.